ಓಗೊಡದವರು

ಹತ್ತೊಂಬತ್ತನೆಯ ಲಕೋಟೆಯನ್ನು ಅಡಿಗೋಲಿನ ಅಂಚಿನಿಂದ ಸೀಳಿ ಹಾಳೆ ಬಿಡಿಸಿದ ಟೈಪಿಸ್ಟಮ್ಮನಿಗೆ, ಒಂದು ಸಾಲನ್ನೂ ಓದುವ ಮೊದಲೇ ಕೈಬರಹದ ಗುರುತು ಸಿಕ್ಕಿತು. ದೀರ್ಘ ಬಂದಲ್ಲೆಲ್ಲ ಬಾಲವನ್ನು ಮುಂದಿನ ಅಕ್ಷರದ ನೆತ್ತಿಯ ತನಕ ಎಳೆದುಬಿಡುವ ಕೈ ಅದು. ಚಿಕ್ಕಂದಿನಲ್ಲಿ ಅವಳು ಜ್ವರ ಬಂದು ಮಲಗಿದಾಗಲೆಲ್ಲ ಕಾಪಿ ಪುಸ್ತಕ ತುಂಬಿಸಿಕೊಟ್ಟು, ಆಮೇಲೆ ಸಿಕ್ಕಿಬಿದ್ದು, ಮೇಷ್ಟರಿಂದ ಇಬ್ಬರಿಗೂ ಬೈಸುತ್ತಿದ್ದುದು ಇದೇ ಕೈ. ಅವಳು ಲಕೋಟೆಯನ್ನು ತಿರುಗಿಸಿ ನೋಡಿದಳು. ಕಳಿಸಿದವರ ಹೆಸರಿರಲಿಲ್ಲ, ‘ಒಬ್ಬ ಪಾಪಿ’ ಎಂದಷ್ಟೇ ಇತ್ತು. ಕೆಳಗೆ ಬರೆದಿದ್ದ ವಿಳಾಸ ಅಕ್ಕನ ಮನೆಯದು. ಹನ್ನೊಂದು ವರ್ಷಗಳಿಂದ ಅವಳು ಕಾಲಿಡದ ಮನೆ.

ಕಾಗದ ಬಂದದ್ದು ಅವಳಿಗಲ್ಲ, ಎಲ್ಲರೂ ತಾತ ಎಂದು ಕರೆಯುವ ಆಶ್ರಮದ ಸ್ವಾಮಿಗೆ. ಆಶ್ರಮದ ಹೊರಗಿನ ಫಲಕದ ಮೇಲೆ ತಾತನ ಹೆಸರಿಗೂ ಮುಂಚೆ ಎರಡು ಸಾಲು ಬಿರುದುಗಳಿದ್ದವು. ಯಾರೋ ಭಕ್ತರು ಅದನ್ನು ಓದಿ ಹೇಳಿದಾಗ ತಾತ, ಇಷ್ಟು ದೊಡ್ಡ ಮನುಷ್ಯ ನಮ್ಮ ಜೊತೆ ಯಾವಾಗಿನಿಂದ ಇದ್ದಾನೆ, ನನಗೆ ಯಾರೂ ಹೇಳಲೇ ಇಲ್ಲವಲ್ಲ ಎಂದಿದ್ದರಂತೆ. ಸನ್ಯಾಸಿಯಾಗುವ ಮೊದಲು ಅವರು ದೊಡ್ಡಾಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಒಂದು ಮಧ್ಯಾಹ್ನ, ದಿಕ್ಕಿಲ್ಲದವರ ವಾರ್ಡಿನಲ್ಲಿ ಕಣ್ಣು ಮಂಜಾದ ಮುದುಕನೊಬ್ಬ ಮಗನ ಹೆಸರು ಹಿಡಿದು ಕೂಗುತ್ತಿದ್ದ. ಬೆಳಗಿನಿಂದಲೂ ಕೂಗುತ್ತಿದ್ದುದರಿಂದ ಅದು ಯಾರಿಗೂ ಕೇಳಿಸದಂತಾಗಿತ್ತು. ಔಷಧಿಯ ತಟ್ಟೆ ಹಿಡಿದು ಹಾದುಹೋಗುತ್ತಿದ್ದ ಕಾಂಪೌಂಡರ್ ತಟ್ಟೆಯನ್ನು ಕೆಳಗಿಟ್ಟು, ಮಂಚದ ಪಕ್ಕ ಕೂತು, “ಓ, ಬಂದೆ ಅಪ್ಪಾ” ಎಂದರು. ಮುದುಕ ಅವರ ಕೈ ಹಿಡಿದುಕೊಂಡೇ ಸಂಜೆಯ ಹೊತ್ತಿಗೆ ಪ್ರಾಣ ಬಿಟ್ಟ. ಅಲ್ಲಿಂದ ಮುಂದೆ ಆ ವಾರ್ಡಿನಲ್ಲಿ ಯಾರು ಯಾರನ್ನು ಕರೆದರೂ ಓಗೊಟ್ಟವರು ಅವರೇ. ಕೆಲವರಿಗೆ ಅಣ್ಣನಾದರು, ಕೆಲವರಿಗೆ ಗಂಡನಾದರು, ಒಬ್ಬ ಅಜ್ಜಿಗೆ ಸೊಸೆಯೂ ಆದರು. ಆ ಅಜ್ಜಿಯ ಕಥೆ ಹೇಳುವಾಗ ತಾತ ತಾವೇ ಮೊದಲು ನಗುತ್ತಿದ್ದರು. ಸೊಸೆಯಾದದ್ದಕ್ಕೆ ಮೂರು ದಿನ ಬೈಗುಳ ತಿಂದೆ, ಅಜ್ಜಿ ಮಾತ್ರ ಹಗುರಾಗಿ ಹೋದಳು ಎನ್ನುವರು.

ಅವರ ಉಪದೇಶವೆಂದರೆ ಅಷ್ಟೇ. ಕರೆದವರಿಗೆ ಓ ಅನ್ನು. ಮೊಸಳೆಯ ಬಾಯಿಗೆ ಸಿಕ್ಕ ಆನೆ ಕೂಗಿದಾಗ ಹರಿ ಹೆಗಲ ವಸ್ತ್ರದ ಪರಿವೆಯೂ ಇಲ್ಲದೆ ಓಡಿಬಂದನಲ್ಲ, ಆ ಓಡಿದ್ದೇ ಪ್ರೀತಿ. ಮೊಸಳೆಯನ್ನು ಕೊಂದದ್ದು ಆಮೇಲಿನ ಮಾತು. ಇದನ್ನು ಕೇಳಲು ಜನ ಬಂದರು, ಬಂದವರು ಕಟ್ಟಡ ಕಟ್ಟಿದರು, ಕಟ್ಟಡಕ್ಕೊಬ್ಬ ಮ್ಯಾನೇಜರ್ ಬಂದ. ಬರಲಾಗದವರು ಕಾಗದ ಬರೆದರು. ಒಂದೊಂದು ಕಾಗದವೂ ಒಂದು ಕರೆಯೇ ಎಂದು ತಾತ ಎಲ್ಲಕ್ಕೂ ತಾವೇ ಉತ್ತರ ಬರೆಯುತ್ತಿದ್ದರು. ಕಣ್ಣು ಕೈಕೊಟ್ಟ ಮೇಲೆ ಟೈಪಿಸ್ಟ್ ಬೇಕಾಯಿತು. ವಿಮಾ ಕಚೇರಿಯ ಕೆಲಸ ಬಿಟ್ಟು, ಹಾಸ್ಟೆಲಿನ ಕೋಣೆಯಲ್ಲಿ ಗೋಡೆ ನೋಡುತ್ತ ಕೂತಿದ್ದ ಅವಳು ಹಾಗೆ ಇಲ್ಲಿಗೆ ಬಂದು ಒಂಬತ್ತು ವರ್ಷವಾಗಿತ್ತು.

ಮೊದಮೊದಲು ತಾತ ಹೇಳುವರು, ಅವಳು ಬರೆದುಕೊಳ್ಳುವಳು. ಬರಬರುತ್ತ, ನಾನೇನು ಹೇಳ್ತೀನಿ ಅಂತ ನಿನಗೆ ಗೊತ್ತಲ್ಲ ತಾಯಿ, ಬರೆದುಬಿಡು ಎನ್ನತೊಡಗಿದರು. ಗೊತ್ತಿತ್ತು. ಮಗನೊಂದಿಗೆ ಮಾತು ಬಿಟ್ಟವರಿಗೆ, ಗಂಡನನ್ನು ತೊರೆದವಳಿಗೆ, ಪರೀಕ್ಷೆಯಲ್ಲಿ ನಪಾಸಾಗಿ ಸಾಯುತ್ತೇನೆಂದವನಿಗೆ, ಎಲ್ಲರಿಗೂ ಅವಳು ತಾತನ ಮಾತಿನಲ್ಲೇ ಉತ್ತರ ಬರೆಯುತ್ತಿದ್ದಳು. ಕಾದು ಕೂರಬೇಡಿ, ನೀವೇ ಎದ್ದು ಹೋಗಿ ಎಂಬ ಸಾಲು ದಿನಕ್ಕೆ ಹತ್ತು ಸಲವಾದರೂ ಬೀಳುತ್ತಿತ್ತು. ಪ್ರೀತಿ ಅವಳ ಬೆರಳಿನಿಂದ ನಿಮಿಷಕ್ಕೆ ನಲವತ್ತು ಪದದಂತೆ ಇಳಿಯುತ್ತಿತ್ತು. ಮಧ್ಯಾಹ್ನ ಊಟಕ್ಕೆ ಮುಂಚೆ ತಾತನ ಕೈಗೆ ಪೆನ್ನು ಕೊಟ್ಟು, ಸಹಿಯ ಜಾಗಕ್ಕೆ ಬೆರಳು ಮುಟ್ಟಿಸಿದರೆ ಮುಗಿಯಿತು.

ಅವಳು ಹಾಳೆಯನ್ನು ಮತ್ತೆ ಬಿಡಿಸಿದಳು.

‘ಸ್ವಾಮಿ, ನಮ್ಮ ತಾಯಿ ಆರು ವರ್ಷ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ತೊಳೆದವಳು ನಾನು, ತಿರುಗಿಸಿ ಮಲಗಿಸಿದವಳು ನಾನು. ನನ್ನ ತಂಗಿ ರಜೆಗೆ ಬರುವಳು, ಬಾಚಣಿಗೆ ಹಿಡಿದು ತಲೆ ಬಾಚುವಳು, ಹೋಗುವಳು. ಕೊನೆಯ ಮೂರು ದಿನ ಅಮ್ಮ ಕರೆದದ್ದು ಅವಳನ್ನೇ. ಚಿಕ್ಕೋಳು ಬಂದ್ಲಾ, ಚಿಕ್ಕೋಳನ್ನ ಕರೀರಿ ಎಂದು ಒಂದೇ ಸಮನೆ. ಪಕ್ಕದ ಮನೆಯವರಿಗೂ ಕೇಳುತ್ತಿತ್ತು. ನಾನು ಫೋನ್ ಮಾಡಲಿಲ್ಲ. ಮೂರನೆಯ ದಿನ ನನ್ನ ಕೈ ತಡವಿ, ಚಿಕ್ಕೋಳೇನೇ ಎಂದು ಕೇಳಿದಳು. ಹೂಂ ಎನ್ನಬಹುದಿತ್ತು. ಅಲ್ಲ, ನಾನು ದೊಡ್ಡೋಳು ಅಂದೆ. ಅಮ್ಮ ಕೈ ಬಿಟ್ಟಳು. ಆಮೇಲೆ ಮಾತಾಡಲಿಲ್ಲ.’

ಮುಂದಿನ ಸಾಲನ್ನು ಅಕ್ಕ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದಳು. ‘ಎಲ್ಲ ಮುಗಿದ ಮೇಲೆ ತಂಗಿಗೆ ತಿಳಿಸಿದೆ. ನಿನ್ನ ಮುಖ ನೋಡಲ್ಲ, ಕರೀಬೇಡ ಅಂತ ಅಮ್ಮನೇ ಅಂದಿದ್ದಳು ಎಂದು ಸುಳ್ಳು ಹೇಳಿದೆ. ಅವಳು ನಂಬಿದಳು. ಅದಾದ ಮೇಲೆ ನಮ್ಮ ಮನೆಗೆ ಬರಲಿಲ್ಲ. ಈಗ ಎಲ್ಲಿ ಕೆಲಸ ಮಾಡುತ್ತಾಳೋ ಗೊತ್ತಿಲ್ಲ. ಹುಡುಕಿಕೊಂಡು ಹೋಗಿ ನಿಜ ಹೇಳಲೇ? ತಾವು ಹೇಳಿದಂತೆ ನಡೆಯುತ್ತೇನೆ.’

ಎದುರಿನ ಬೆಂಚಿನಲ್ಲಿ ತಾತನನ್ನು ನೋಡಲು ಬಂದ ಗಂಡ ಹೆಂಡತಿ ಯಾವುದಕ್ಕೋ ಪಿಸುದನಿಯಲ್ಲಿ ಜಗಳವಾಡುತ್ತಿದ್ದರು. ಮ್ಯಾನೇಜರ್ ಅವರಿಗೆ ಚಪ್ಪಲಿ ಹೊರಗೆ ಬಿಡಲು ಹೇಳಿ, ಅವಳ ಮೇಜಿನ ಮೇಲಿದ್ದ ತಂತಿಬುಟ್ಟಿಯಲ್ಲಿ ಇನ್ನಷ್ಟು ಲಕೋಟೆ ಹಾಕಿ ಹೋದ.

ಅಮ್ಮ ಹಾಗೆ ಅಂದಿರಲಾರಳು ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ, ಅನ್ನಿಸದಿರಲು ಕಾರಣವಿತ್ತು. ಕೊನೆಯ ಸಲ ಹೋದಾಗ ಅಮ್ಮ, ಒಂದು ತಿಂಗಳಾದರೂ ನಿನ್ನ ಜೊತೆ ಕರ್ಕೊಂಡು ಹೋಗೇ ಎಂದಿದ್ದಳು. ಹಾಸ್ಟೆಲಿನಲ್ಲಿ ಇರುವುದು ಒಂದೇ ಮಂಚ, ಎಲ್ಲಿ ಮಲಗಿಸಲಿ ಎಂದು ಇವಳು ಕೇಳಿದ್ದಳು. ಅಮ್ಮ ಗೋಡೆಯ ಕಡೆ ತಿರುಗಿ, ಸರಿ ಬಿಡು, ಒಬ್ಬರಿಗೇ ಆಗೋಷ್ಟು ಮಂಚ ನೋಡಿಯೇ ತಗೊಂಡಿದ್ದೀಯ ಎಂದಿದ್ದಳು. ಆ ಮಾತಿನ ಮುಂದೆ ‘ಮುಖ ನೋಡಲ್ಲ’ ಎಂಬುದು ನೆಟ್ಟಗೆ ಹೊಂದಿಕೊಂಡಿತ್ತು. ಹನ್ನೊಂದು ವರ್ಷ ಅವಳು ಅದನ್ನು ಅಮ್ಮನ ಮಾತೆಂದೇ ಹೊತ್ತಿದ್ದಳು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಾಗ, ಇದು ತಾಯಿಗೆ ಬೇಡವಾದ ಮುಖ ಎಂದು ನೆನಪಾಗಿ, ತಲೆ ಬಾಚಿದ್ದು ಅರ್ಧಕ್ಕೇ ಸಾಕೆನ್ನಿಸಿದ ದಿನಗಳಿದ್ದವು.

ಆ ಹೊತ್ತಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಆರು ವರ್ಷ ತೊಳೆದದ್ದನ್ನು ಕಾಗದದ ಮೊದಲನೇ ಸಾಲಿನಲ್ಲೇ ಇಟ್ಟಿದ್ದಾಳಲ್ಲ ಎಂದುಕೊಂಡಳು.

ತಾತ ಒಳಕೋಣೆಯಲ್ಲಿ ಕಿಟಕಿಯ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಅವಳು ಸಹಿಯ ಕಾಗದಗಳ ಜೊತೆ ಅಕ್ಕನ ಕಾಗದವನ್ನೂ ಒಯ್ದಳು. ಒಂದು ಕಷ್ಟದ ಕಾಗದ ಬಂದಿದೆ, ನೀವೇ ಹೇಳಬೇಕು ಎಂದು ಓದಲು ಶುರುಮಾಡಿದಳು. ದನಿ ನಡುಗದಂತೆ ನೋಡಿಕೊಂಡಳು. ಅಮ್ಮ ಕೈ ಬಿಟ್ಟ ಜಾಗದವರೆಗೆ ಸರಿಯಾಗಿಯೇ ಬಂತು. ಹೊಡೆದು ಬರೆದ ಸಾಲಿಗೆ ಬಂದಾಗ ಬೆರಳು ಅದರ ಮೇಲೆಯೇ ನಿಂತಿತು. ಆ ಸುಳ್ಳಿನ ಸಾಲುಗಳನ್ನು ದಾಟಿ, ‘ಹುಡುಕಿಕೊಂಡು ಹೋಗಿ ನಿಜ ಹೇಳಲೇ’ ಎಂಬಲ್ಲಿಗೆ ಹಾರಿಬಿಟ್ಟಳು.

ತಾತ ಚಾಚಿದ್ದ ಕಾಲನ್ನು ಮಡಚಿಕೊಂಡರು.

“ತಾಯಿ ಹೋಗಿ ಎಷ್ಟು ದಿನ ಆಯ್ತಂತೆ?”

ಹನ್ನೊಂದು ವರ್ಷ ಎಂದಳು. ಕಾಗದದಲ್ಲಿ ಅದು ಇರಲಿಲ್ಲ ಎಂಬುದು ಹೇಳಿದ ಮೇಲೆ ಹೊಳೆಯಿತು. ತಾತನಿಗೆ ಹೊಳೆಯುವ ಹಾಗಿರಲಿಲ್ಲ.

“ಹಾಗಾದರೆ ಹೇಳೋದು ಬೇಡ ಅಂತ ಬರಿ. ಕರೆದವಳು ಹೋದ್ಲು. ಈಗ ಹೇಳಿದ್ರೆ ಇವಳ ಭಾರ ಇಳಿಯುತ್ತೆ, ಆ ಕೂಗು ತಂಗಿ ಕಿವಿಗೆ ಬೀಳುತ್ತೆ. ಸಾಯೋತನಕ ಕೇಳ್ತಾನೇ ಇರುತ್ತೆ. ಅಕ್ಕ ಒಬ್ಬಳೇ ಕೇಳಿಸ್ಕೊಳ್ಳಲಿ. ತಂಗಿಗೆ ಅವಳು ಕೊಡಬಹುದಾದ ಪ್ರೀತಿ ಅಂದ್ರೆ ಅದೊಂದೇ ಉಳಿದಿರೋದು.”

“ತಂಗಿಗೆ ಏನೂ ಗೊತ್ತಾಗೋದೇ ಬೇಡ್ವಾ ತಾತ?”

“ಅವಳು ಎಲ್ಲೋ ನೆಮ್ಮದಿಯಾಗಿರ್ತಾಳೆ ತಾಯಿ. ಮಲಗಿರೋರನ್ನ ಎಬ್ಬಿಸಿ ಯಾಕೆ ಅಳಿಸ್ಬೇಕು?”

ನೆಮ್ಮದಿಯಾಗಿಲ್ಲ, ನಾನು ಒಂದು ಸಾಲು ಬಿಟ್ಟೆ ಎಂದು ಹೇಳಲು ಅವಳಿಗೆ ಸಮಯವಿತ್ತು. ತಾತ ಪೆನ್ನಿಗಾಗಿ ಕೈ ಚಾಚಿ ಕೂತಿದ್ದರು; ಮೂವತ್ತೊಂದು ಸಹಿ ಆಗುವಷ್ಟು ಸಮಯ. ಆ ಸಾಲು ಕೇಳಿದ್ದರೆ ತಾತ ಬೇರೆಯೇ ಹೇಳುತ್ತಿದ್ದರು. ಒಂಬತ್ತು ವರ್ಷ ಅವರ ಮಾತು ಬರೆದವಳಿಗೆ ಅಷ್ಟು ತಿಳಿಯುತ್ತಿತ್ತು. ಓಡಿ ಹೋಗಿ ಹೇಳು ಎನ್ನುತ್ತಿದ್ದರು. ಅವಳು ಒಂದೊಂದೇ ಹಾಳೆ ಸರಿಸಿ, ಅವರ ಬೆರಳನ್ನು ಜಾಗಕ್ಕೆ ಮುಟ್ಟಿಸುತ್ತ ಹೋದಳು. ಹೇಳಲಿಲ್ಲ.

ಮೇಜಿಗೆ ಮರಳಿ ಹಾಳೆ ಏರಿಸಿದಳು. ಎಂದಿನಂತೆ ‘ತಾಯೀ’ ಎಂದು ಶುರುಮಾಡಿ, ತಾತ ಹೇಳಿದ್ದನ್ನು ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಡಿಮೆಯಿಲ್ಲದೆ ಬರೆದಳು. ಬೇರೆಯವರಿಗಾದರೆ ಕೊನೆಗೆ ಸಮಾಧಾನದ ಒಂದು ಸಾಲನ್ನು ತನ್ನ ಕಡೆಯಿಂದ ಸೇರಿಸುತ್ತಿದ್ದಳು, ಇದಕ್ಕೆ ಸೇರಿಸಲಿಲ್ಲ. ‘ಆ ಕೂಗನ್ನು ನೀವೊಬ್ಬರೇ ಕೇಳಿಸಿಕೊಳ್ಳಿ’ ಎಂಬ ಸಾಲನ್ನು ಹೊಡೆಯುವಾಗ ಬೆರಳಿಗೆ ಬಂದ ಹುರುಪು ಅವಳಿಗೇ ಕಾಣಿಸಿತು. ಕೇಳು, ಕೇಳುತ್ತಲೇ ಇರು ಎಂದು ಒಳಗೊಳಗೇ ಅಂದುಕೊಂಡಳು. ಹೀಗೆ ಕೂತಲ್ಲೇ ಶಿಕ್ಷೆ ಕೊಡುವ ಸುಖ ದೊಡ್ಡದು. ಕೈಗೆ ರಕ್ತ ಹತ್ತುವುದಿಲ್ಲ, ಮೇಲೆ ಸಂತನ ಸಹಿ ಬೇರೆ. ತಾತ ಒಳಗೆ ಮಲಗುವ ಮೊದಲು ಸಹಿ ಹಾಕಿಸಿ, ತಾನೇ ನಡೆದು ಹೋಗಿ ಅಂಚೆಪೆಟ್ಟಿಗೆಗೆ ಹಾಕಿದಳು. ನಕಲು ಪ್ರತಿಯನ್ನು ಮ್ಯಾನೇಜರ್ ‘ತಾತನ ಜೀವನ ಮತ್ತು ಉಪದೇಶ’ ಎಂಬ ಹೊಸ ಪುಸ್ತಕದ ಕಡತಕ್ಕೆ ಸೇರಿಸಿಕೊಂಡ. ಬಹಳ ಚೆನ್ನಾಗಿದೆ, ಇಂಥದ್ದು ಇನ್ನೊಂದು ನಾಲ್ಕು ಸಿಕ್ಕಿದರೆ ಒಂದು ಅಧ್ಯಾಯವೇ ಆಗುತ್ತೆ ಎಂದ.

ಕೂಗು ಕೇಳತೊಡಗಿದ್ದು ಮಾರನೆಯ ದಿನದಿಂದ. ತಾತ ಸುಳ್ಳು ಹೇಳಿರಲಿಲ್ಲ. ಹಾಸ್ಟೆಲಿನ ನಲ್ಲಿಯ ಕೆಳಗೆ ಬಕೆಟ್ ಇಟ್ಟಾಗ, ರಸ್ತೆ ದಾಟಲು ಅಂಚಿನಲ್ಲಿ ನಿಂತಾಗ, ಚಿಕ್ಕೋಳು ಬಂದ್ಲಾ ಎಂಬುದು ಕೇಳಿಸುತ್ತಿತ್ತು. ಅದು ದುಃಖದ ದನಿಯಾಗಿರಲಿಲ್ಲ. ಅಡುಗೆಮನೆಯಿಂದ ಸುಮ್ಮನೆ ಕರೆದ ಹಾಗೆ, ಕರೆದರೆ ಬಂದೇ ಬರುತ್ತಾಳೆಂಬ ಭರವಸೆಯಲ್ಲಿ ಕರೆದ ಹಾಗೆ ಇರುತ್ತಿತ್ತು. ತಾಳಲು ಕಷ್ಟವಾಗುತ್ತಿದ್ದುದು ಅದೇ. ಕೆಲಸದಲ್ಲಿ ತಪ್ಪುಗಳು ನುಸುಳಿದವು. ವಿಧವೆಯೊಬ್ಬಳಿಗೆ ಬರೆದ ಉತ್ತರ ನಪಾಸಾದ ಹುಡುಗನಿಗೆ ಹೋಯಿತು. ಅವನು ತನಗೆ ತುಂಬ ಸಮಾಧಾನವಾಯಿತೆಂದು ಮರುಟಪಾಲಿಗೆ ಬರೆದಾಗ ಮ್ಯಾನೇಜರ್ ಬಿದ್ದು ಬಿದ್ದು ನಕ್ಕ. ಅವಳಿಗೆ ನಗು ಬರಲಿಲ್ಲ. ಎರಡು ಸಲ ತಾತನ ಕೋಣೆಯ ಬಾಗಿಲ ತನಕ ಹೋಗಿ, ಒಳಗೆ ಯಾರೋ ಇದ್ದಾರೆಂದು ನೆಪ ಮಾಡಿಕೊಂಡು ಹಿಂದಿರುಗಿದಳು.

ಎರಡು ತಿಂಗಳ ಮೇಲೆ ಅಕ್ಕನಿಂದ ಒಂದು ಕಾರ್ಡು ಬಂತು. ‘ಸ್ವಾಮಿ, ತಮ್ಮ ಕಾಗದ ತಲುಪಿದ ದಿನದಿಂದ ನನಗೆ ನಿದ್ದೆ ಬರುತ್ತಿದೆ. ಏನು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದೆ. ಈಗ ಹೊತ್ತುಕೊಳ್ಳುವುದೇ ನನ್ನ ಪಾಲಿನ ಪ್ರೀತಿ ಎಂದು ತಿಳಿಯಿತು. ಮನಸ್ಸು ಹಗುರವಾಗಿದೆ.’

ಅವಳು ಕಾರ್ಡನ್ನು ಮೂರು ಸಲ ಓದಿದಳು. ಕಳಿಸಿದ್ದು ಶಿಕ್ಷೆ, ಅಕ್ಕನಿಗೆ ತಲುಪಿದ್ದು ವರ. ನಿದ್ದೆ ಕೆಟ್ಟದ್ದು ಕಳಿಸಿದವಳದು. ಮ್ಯಾನೇಜರನ ಹತ್ತಿರ ಒಂದು ದಿನದ ರಜೆ ಕೇಳಿದಳು. ಒಂಬತ್ತು ವರ್ಷದಲ್ಲಿ ಮೊದಲ ರಜೆ, ಎಲ್ಲಿಗೆ ಎಂದು ಅವನು ಕೇಳಿದ. ಅಕ್ಕನ ಮನೆಗೆ ಎಂದಳು. ನಿಮಗೆ ಅಕ್ಕ ಇದ್ದಾರಾ ಎಂದು ಅವನು ಆಶ್ಚರ್ಯಪಟ್ಟ.

ಬಸ್ಸು ಇಳಿದಾಗ ಹತ್ತು ಗಂಟೆ. ಕೆಳಗೆ ಬೀಗದ ಅಂಗಡಿ, ಅದರ ಪಕ್ಕದ ಇಕ್ಕಟ್ಟು ಮೆಟ್ಟಿಲು, ಮೇಲೆ ಅಕ್ಕನ ಮನೆ. ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡು ಬಂದಿದ್ದಳು. ಬಾಗಿಲು ತೆರೆದ ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತುಬಿಟ್ಟಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಣೆ ಬೋಳಾಗಿತ್ತು, ಭಾವ ಹೋದ ಸುದ್ದಿಯನ್ನು ಯಾರೋ ಮೂರು ವರ್ಷದ ಹಿಂದೆ ಹೇಳಿದ್ದರು, ಆಗಲೂ ಇವಳು ಬಂದಿರಲಿಲ್ಲ.

“ಬಾ,” ಎಂದಳು ಅಕ್ಕ. “ಬಿಸಿಲಲ್ಲಿ ಬಂದಿದೀಯ. ಮೊದಲು ನೀರು ಕುಡಿ.”

ಇಬ್ಬರೂ ಅಡುಗೆಮನೆಯಲ್ಲಿ ಕೂತರು. ಮಗಳು ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ, ಮಂಡಿ ನೋವು ಮೆಟ್ಟಿಲು ಹತ್ತಲು ಬಿಡುವುದಿಲ್ಲ, ಬೀಗದಂಗಡಿಯವನ ಮೂರನೇ ಹೆಂಡತಿಯೂ ಬೀಗ ಹಾಕಿಕೊಂಡು ತವರಿಗೆ ಹೋದಳು ಎಂದು ಅಕ್ಕ ಒಂದರ ಹಿಂದೊಂದು ಹೇಳಿದಳು. ಇವಳಿಗೆ ನಗು ಬಂತು, ಅಕ್ಕನೂ ನಕ್ಕಳು. ನೀನು ಎಲ್ಲಿದೀಯ, ಏನು ಮಾಡ್ತೀಯ ಎಂಬುದಕ್ಕೆ, ಒಂದು ಕಚೇರಿ, ಕಾಗದ ಪತ್ರ ಟೈಪ್ ಮಾಡೋದು ಎಂದಳು. ತಣ್ಣಗೆ ಕೂತು ಮಾಡೋ ಕೆಲಸ ಎಂದಳು ಅಕ್ಕ.

ನಡುಮನೆಗೆ ಬಂದಾಗ ಗೋಡೆಯ ಮೇಲೆ ಅಮ್ಮನ ಫೋಟೋ ಕಂಡಿತು. ಪಕ್ಕದಲ್ಲಿ ಅಷ್ಟೇ ಎತ್ತರಕ್ಕೆ, ಕಟ್ಟು ಹಾಕಿಸಿದ ಗಾಜಿನೊಳಗೆ, ಅವಳು ಟೈಪ್ ಮಾಡಿದ ಕಾಗದ. ಮೂರನೆಯ ಸಾಲಿನ ಅಂಚು ಕೊಂಚ ಒಳಗೆ ಸರಿದಿದ್ದುದು ದೂರದಿಂದಲೇ ಕಾಣುತ್ತಿತ್ತು. ಬರೆದದ್ದನ್ನು ತಂಗಿ ಓದಿಬಿಟ್ಟಾಳೆಂದು ಅಕ್ಕ ಗಡಬಡಿಸಿ ನಡುವೆ ಬಂದು ನಿಂತಳು. ಒಬ್ಬರು ದೊಡ್ಡವರ ಕಾಗದ, ಮನೆ ತಾಪತ್ರಯ ಬರೆದಿದ್ದೆ, ಅವರೇ ಸಹಿ ಮಾಡಿ ಉತ್ತರ ಕೊಟ್ಟರು ಎಂದು, ಗಾಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಜೋಡಿಸಿಕೊಂಡು ಬಂದ ಮಾತು ಅಲ್ಲಿಗೇ ಚೂರಾಯಿತು. ನನಗೆಲ್ಲ ಗೊತ್ತು ಎಂದರೆ, ಹೇಗೆ ಗೊತ್ತು ಎಂಬುದಕ್ಕೆ ಉತ್ತರ ಕೊಡಬೇಕು. ಆ ಗಾಜಿನೊಳಗಿರುವುದು ನನ್ನ ಬೆರಳು, ನನ್ನ ಸಿಟ್ಟು, ಸಂತ ಕೇಳಿದ್ದು ಅರ್ಧ ಕಾಗದ ಎನ್ನಬೇಕು. ಅಷ್ಟು ಹೇಳಿದರೆ ಇಂದಿನಿಂದ ಇಬ್ಬರಿಗೂ ನಿದ್ದೆಯಿಲ್ಲ. ಆದರೂ ಒಂದು ದಾರಿ ಉಳಿದಿತ್ತು. ಅಕ್ಕನೇ ಬಾಯಿ ಬಿಟ್ಟರೆ ಆಯಿತು. ತಾನು ಓ ಎನ್ನಲು ಸಿದ್ಧಳಾಗಿಯೇ ಬಂದಿದ್ದಳು.

“ಅಕ್ಕ,” ಎಂದಳು. “ಕೊನೇಲಿ ಅಮ್ಮ ನನ್ನ ಕರೆದ್ಲಾ?”

ಅಕ್ಕನ ಕಣ್ಣು ಗೋಡೆಯ ಕಡೆ ಹೋಗಿ, ಅಮ್ಮನ ಫೋಟೋ ದಾಟಿ, ಪಕ್ಕದ ಗಾಜಿನ ಮೇಲೆ ನಿಂತಿತು. ಆಮೇಲೆ ತುಂಬಿದ ಕೊಡ ತಲೆಯ ಮೇಲೆ ಹೊತ್ತವಳ ಹಾಗೆ ಕತ್ತು ನೆಟ್ಟಗಾಯಿತು.

“ಇಲ್ಲ,” ಎಂದಳು. “ಯಾರನ್ನೂ ಕರೀಲಿಲ್ಲ. ನಿದ್ದೆ ಹೋದ ಹಾಗೆ ಹೋಗಿಬಿಟ್ಲು.”

“ಮುಖ ನೋಡಲ್ಲ ಅಂದಿದ್ದು?”

“ಅದು ಸಿಟ್ಟಿನ ಮಾತು ಕಣೆ. ಕಾಯಿಲೆ ಬಿದ್ದವರು ಏನೇನೋ ಅಂತಾರೆ. ಅದನ್ನ ಇಷ್ಟು ವರ್ಷ ಯಾಕೆ ಇಟ್ಕೊಂಡಿದೀಯ? ಬಿಟ್ಟುಬಿಡು.”

ಹೇಳುವಾಗ ಅವಳ ದನಿಯಲ್ಲಿ ಹಿಂದೆಂದೂ ಇಲ್ಲದ ಮೃದುತ್ವವಿತ್ತು. ತಂಗಿಯ ಕೆನ್ನೆಯ ಮೇಲೆ ಅಂಟಿದ್ದ ಒಂದು ಕೂದಲನ್ನು ಬೆರಳಿನಿಂದ ತೆಗೆದು ಕಿವಿಯ ಹಿಂದಕ್ಕೆ ಸರಿಸಿದಳು. ಟೈಪಿಸ್ಟಮ್ಮ ಸರಿ ಎಂದು ತಲೆಯಾಡಿಸಿದಳು.

ಊಟಕ್ಕೆ ಇದ್ದು ಹೋಗು ಎಂದಳು ಅಕ್ಕ. ಅಕ್ಕಿ ಬೇಯುವಷ್ಟರಲ್ಲಿ ತಾರಸಿಯ ಬಟ್ಟೆ ತಂದುಬಿಡೋಣ, ಒಬ್ಬಳೇ ಆದರೆ ದುಪ್ಪಟಿ ಮಡಿಸಲು ಆಗುವುದಿಲ್ಲ, ನೆಲಕ್ಕೆ ತಾಗುತ್ತದೆ ಎಂದು ಮಂಡಿ ಹಿಡಿದುಕೊಂಡು ಮುಂದೆ ಹತ್ತಿದಳು. ಮೇಲೆ ಬಿಸಿಲು ಕಾದಿತ್ತು. ಇಬ್ಬರೂ ದುಪ್ಪಟಿಯ ಎರಡೆರಡು ತುದಿ ಹಿಡಿದು, ಹಿಂದೆ ಹಿಂದೆ ಸರಿದು, ಜಗ್ಗಿ ಸುಕ್ಕು ಬಿಡಿಸಿದರು. ನಡುವೆ ಮಡಿಚಲು ಎದುರುಬದುರಾಗಿ ನಡೆದು ಬಂದರು. ಅಕ್ಕನ ಬೆರಳು ತಂಗಿಯ ಬೆರಳಿಗೆ ತಾಗಿ, ತುದಿಗಳನ್ನು ಒಪ್ಪಿಸಿತು; ಜೋತುಬಿದ್ದ ಮಡಿಕೆಯನ್ನು ಅಕ್ಕ ಬಾಗಿ ಎತ್ತಿಕೊಂಡಳು. ಮತ್ತೆ ಇಬ್ಬರೂ, ಬಟ್ಟೆ ಎಷ್ಟು ಉದ್ದವಿತ್ತೋ ಅಷ್ಟು, ಹಿಂದಕ್ಕೆ ಸರಿದರು.